ಚಕ್ರವರ್ತಿಯನ್ನು ದಡದಲ್ಲಿ ನಿಲ್ಲಿಸಿದ ಅಂಚಮ್ಮ

ಅಂಚಮ್ಮನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ. ಅದು ಈಗ ಬ್ಯಾಂಕಿನವರಿಗೆ ಮಾತ್ರ ಗೊತ್ತು. ಯಾವ ಕಾಗದ ಕೈಗೆ ಬಂದರೂ ಅದರಲ್ಲಿ ಬರೆದದ್ದನ್ನು ಓದುವ ಮೊದಲು ನಾಲ್ಕೂ ಅಂಚುಗಳ ಮೇಲೆ ಕಣ್ಣಾಡಿಸುವುದು ಅವರ ಹುಟ್ಟುಗುಣವಾದ್ದರಿಂದ ಈ ಹೆಸರು ಅಂಟಿಕೊಂಡಿತು. ಮದುವೆಗೆ ಮೊದಲು ಹುಡುಗನ ಫೋಟೋ ತೋರಿಸಿ "ಹೇಗಿದಾನೆ?" ಎಂದು ಕೇಳಿದಾಗ, "ಹುಡುಗ ಪರವಾಗಿಲ್ಲ, ಆದ್ರೆ ಎಡಗಡೆ ಓರೆಯಾಗಿ ಕತ್ತರಿಸಿದಾರೆ" ಎಂದಿದ್ದರಂತೆ. ಕತ್ತರಿಸಿದ್ದು ಹುಡುಗನೇ. ಲಿಫ್ಟ್ ರಿಪೇರಿ ಮಾಡುವ ಆತ ಇವತ್ತಿಗೂ ಹೆಂಡತಿಯ ಎದುರಿಗೆ ಕತ್ತರಿ ಹಿಡಿಯುವುದಿಲ್ಲ.

ಅಂಚಮ್ಮನ ಕಸುಬು ಪುಸ್ತಕದ ಪುಟ ಕಟ್ಟುವುದು. ಮೊದಲು ಒಂದು ಪ್ರೆಸ್ಸಿನಲ್ಲಿದ್ದರು. ಆಹ್ವಾನ ಪತ್ರಿಕೆ, ಪ್ರಶ್ನೆಪತ್ರಿಕೆ, ಔಷಧಿ ಡಬ್ಬಿಯೊಳಗೆ ಎಂಟು ಮಡಿಕೆ ಮಾಡಿ ಇಟ್ಟಿರುತ್ತಾರಲ್ಲ, ಯಾರೂ ಓದದ ಆ ತೆಳು ಹಾಳೆ, ಎಲ್ಲವೂ ಅವರ ಕೈಯಲ್ಲಿ ನೇರವಾಗಿ ನಿಂತು ಹೊರಗೆ ಹೋಗಿವೆ. ಪ್ರೆಸ್ಸು ಮುಚ್ಚಿದಾಗ ಅಕ್ಕನ ಗಂಡ, ಅಂದರೆ ಭಾವ, ಕರೆದು ತಮ್ಮ ಪ್ರಕಾಶನದಲ್ಲಿ ಕೂರಿಸಿದರು.

ಭಾವನ ಬಗ್ಗೆ ಎರಡು ಮಾತು ಹೇಳಬೇಕು. ನಾವು ಹೇಳದಿದ್ದರೆ ಅವರೇ ಹೇಳುತ್ತಾರೆ, ಅದು ಎರಡು ಮಾತಿಗೆ ಮುಗಿಯುವುದಿಲ್ಲ. ಅವರ ವಿಸಿಟಿಂಗ್ ಕಾರ್ಡಿನಲ್ಲಿ ಹೆಸರಿನ ಕೆಳಗೆ 'ಪ್ರಕಾಶಕರು' ಎಂದಿಲ್ಲ. 'ಲೋಕನಿರ್ಮಾತೃ' ಎಂದಿದೆ. ಲೋಕ ನಿರ್ಮಾಣವಾಗುವುದು ಒಂದು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮೂರು ಕೋಣೆಗಳಲ್ಲಿ. ಮುಂದಿನ ಕೋಣೆಯಲ್ಲಿ ಕೂತು ಭಾವ ಲೋಕಗಳನ್ನು ಕಲ್ಪಿಸುತ್ತಾರೆ. ನಡುವಿನ ಕೋಣೆಯಲ್ಲಿ ಅಕ್ಕ ಆ ಲೋಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ, ಟೇಪು ಸುತ್ತಿ, ಕೊರಿಯರಿನವನ ಕೈಗೆ ಕೊಡುತ್ತಾರೆ. ಹಿಂದಿನ ಕೋಣೆಯಲ್ಲಿ, ಪಕ್ಕದ ತಗಡಿನ ಸೂರಿಗೆ ಮುಖ ಮಾಡಿದ ಕಿಟಕಿಯ ಹತ್ತಿರ, ಅಂಚಮ್ಮನ ಕಂಪ್ಯೂಟರು. ಭಾವ ಫೋನಿನಲ್ಲಿ ಮಾತಾಡುವಾಗಲೆಲ್ಲ ಕೆಳಗಿನಿಂದ ಟ್ಯೂಬಿಗೆ ಗಾಳಿ ಹೊಡೆಯುವ ಸದ್ದು ಬರುತ್ತಿರುತ್ತದೆ. ಎರಡಕ್ಕೂ ಸಂಬಂಧವಿಲ್ಲ ಎಂದು ಅಕ್ಕ ನಗು ತಡೆದುಕೊಂಡು ಹೇಳುತ್ತಾರೆ.

ಇಲ್ಲಿ ತಯಾರಾಗುವುದು ಮೇಜಿನ ಸುತ್ತ ಕೂತು ಆಡುವ ಕಥೆಯಾಟದ ಪುಸ್ತಕಗಳು. ಆಟ ಗೊತ್ತಿಲ್ಲದವರಿಗೆ ಹೇಳುವುದಾದರೆ, ನಾಲ್ಕೈದು ಜನ ಕೂರುತ್ತಾರೆ. ಒಬ್ಬರು ಕಥೆ ಶುರು ಮಾಡುತ್ತಾರೆ: "ಸುತ್ತ ಸಮುದ್ರ, ದೋಣಿಗೆ ತೂತು, ಏನು ಮಾಡ್ತೀರಿ?" ಉಳಿದವರು ಆ ಕಥೆಯೊಳಗಿನ ವೀರರು. ಬೊಗಸೆಯಲ್ಲಿ ನೀರು ಹೊರಗೆ ಚೆಲ್ಲುತ್ತೇನೆ ಎಂದು ಒಬ್ಬ ವೀರ ಹೇಳಿ ದಾಳ ಎಸೆಯುತ್ತಾನೆ. ಹೆಚ್ಚು ಬಿದ್ದರೆ ಬಚಾವು, ಕಡಿಮೆ ಬಿದ್ದರೆ ನೀರುಪಾಲು. ಯಾವುದಕ್ಕೆ ಎಷ್ಟು ಬೀಳಬೇಕು ಎಂಬ ನಿಯಮಗಳೂ ಆ ಲೋಕದ ರಾಜರಾಣಿಯರ ಕಥೆಗಳೂ ಒಂದೇ ಪುಸ್ತಕದಲ್ಲಿ ಇರುತ್ತವೆ. ದಪ್ಪ ಪುಸ್ತಕ. ತಲೆದಿಂಬಿಗೂ ಆಗುತ್ತದೆ.

ಈ ನಿಯಮಗಳಲ್ಲಿ ಮುಕ್ಕಾಲು ಪಾಲು ಭಾವನದಲ್ಲ. ಕದ್ದದ್ದೂ ಅಲ್ಲ. ಎಲ್ಲೋ ಇರುವ ಯಾರೋ ಪುಣ್ಯಾತ್ಮರು ಯೋಚಿಸಿ, ಆಡಿ ನೋಡಿ, ತಿದ್ದಿ, "ಇದು ಮುಕ್ತ, ಯಾರು ಬೇಕಾದರೂ ತಗೊಳ್ಳಿ, ಅಚ್ಚು ಹಾಕಿ, ಮಾರಿ" ಎಂದು ಬಿಟ್ಟುಕೊಟ್ಟದ್ದು. ಅದಕ್ಕೊಂದು ಲೈಸೆನ್ಸು ಇದೆ. ಅದರಲ್ಲಿ ಪ್ರತಿಯಾಗಿ ಕೇಳಿದ್ದು ಇಷ್ಟೇ. ಯಾರಿಂದ ತಗೊಂಡಿರಿ ಎಂದು ಹೇಳಬೇಕು. ನಿಮ್ಮ ಪುಸ್ತಕದಲ್ಲಿ ಯಾವ ಭಾಗ ಮುಕ್ತ, ಯಾವ ಭಾಗ ನಿಮ್ಮ ಸ್ವಂತದ್ದು ಎಂದು ಓದುವವರಿಗೆ ತಿಳಿಯುವಂತೆ ಗುರುತು ಹಾಕಬೇಕು. ನೀವು ಹೇಗೆ ಎತ್ತಿಕೊಂಡಿರೋ ಹಾಗೆಯೇ ನಿಮ್ಮ ಹಿಂದೆ ಬರುವವರೂ ಎತ್ತಿಕೊಳ್ಳಲಿ ಎಂಬ ಉದ್ದೇಶ.

ಭಾವನಿಗೆ 'ತಗೊಳ್ಳಿ' ಎಂಬ ಭಾಗ ಬಾಯಿಪಾಠವಾಗಿತ್ತು. ಗುರುತಿನ ವಿಷಯಕ್ಕೆ ಬಂದರೆ, ಪ್ರತಿ ಪುಸ್ತಕದ ಕೊನೆಯ ಪುಟದಲ್ಲಿ, ಇರುವೆಗೂ ಕನ್ನಡಕ ಬೇಕಾಗುವ ಅಕ್ಷರದಲ್ಲಿ ಒಂದು ಸಾಲು: 'ಈ ಗ್ರಂಥದಲ್ಲಿ ಮುಕ್ತವಾಗಿರುವುದೆಲ್ಲವೂ ಮುಕ್ತ, ಉಳಿದುದೆಲ್ಲವೂ ನಮ್ಮದು.' ಮಳೆ ಬರುವ ಕಡೆ ಮಳೆ ಬರುತ್ತದೆ, ಉಳಿದ ಕಡೆ ಒಣಗಿರುತ್ತದೆ ಎನ್ನುವ ಹವಾಮಾನ ವರದಿಯಷ್ಟೇ ಅದರ ಉಪಯೋಗ. ಅಂಚಮ್ಮ ಆ ಸಾಲನ್ನು ಪುಟಕ್ಕೆ ಕೂರಿಸುವಾಗಲೆಲ್ಲ ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡವರಂತೆ ಮುಖ ಮಾಡುತ್ತಿದ್ದರು. ಕೂರಿಸುವುದನ್ನಂತೂ ಕೂರಿಸುತ್ತಿದ್ದರು.

ಹಾಗಿರುವಾಗ ಒಂದು ದಿನ ಭಾವ ಹೊರಗೆ ಹೋಗಿದ್ದಾಗ ಫೋನು ಬಂತು. ಅಂಧ ಮಕ್ಕಳ ವಸತಿ ಶಾಲೆಯ ಟೀಚರು.

"ಸರ್ ಇಲ್ವಾ? ಎರಡು ಸಲ ಬರೆದಿದ್ದೆ, ಉತ್ತರ ಬರ್ಲಿಲ್ಲ."

"ಸರ್‌ಗೆ ಲೋಕ ಕಟ್ಟೋದ್ರಲ್ಲಿ ಪುರುಸೊತ್ತಿಲ್ಲ. ನನ್ನತ್ರ ಹೇಳಿ, ಏನಾಗ್ಬೇಕಿತ್ತು?"

ಟೀಚರು ಹೇಳಿದರು. ಅವರ ಮಕ್ಕಳಿಗೆ ಭಾವನ ಪುಸ್ತಕದ 'ಸಮುದ್ರಯಾನ' ಅಧ್ಯಾಯದ ಹುಚ್ಚು ಹಿಡಿದಿದೆ. ಸಂಜೆ ಆಟದ ಹೊತ್ತಿಗೆ ಟೀಚರೇ ಕಥೆ ಹೇಳಬೇಕು, ಟೀಚರೇ ನಿಯಮ ಹೇಳಬೇಕು. "ನಂಗೆ ತಲೆನೋವು ಬಂದ ದಿನ ಎಲ್ಲರೂ ಮುಳುಗ್ತಾರೆ ಅಕ್ಕ. ಅವರೇ ಬೆರಳಲ್ಲಿ ಓದ್ಕೊಂಡು, ಅವರೇ ಜಗಳ ಆಡ್ಕೊಂಡು ಆಡ್ಬೇಕು. ಅದಕ್ಕೆ ನಿಯಮಗಳನ್ನ ಬ್ರೈಲಲ್ಲಿ ಒತ್ತಿಸೋಣ ಅಂತ." ಆದರೆ ಬ್ರೈಲ್ ಒತ್ತುವ ಯಂತ್ರ ಒಂದೇ. ಅದನ್ನು ಹಲವು ಶಾಲೆಗಳು ಸರದಿಯ ಮೇಲೆ ಹಂಚಿಕೊಳ್ಳುತ್ತವೆ. ಇವರ ಸರದಿ ಮುಂದಿನ ತಿಂಗಳು. ತಪ್ಪಿದರೆ ಮತ್ತೆ ಮುಂದಿನ ವರ್ಷ. ಅಷ್ಟರಲ್ಲಿ ಈ ಆಟ ಕಲಿತ ದೊಡ್ಡ ಮಕ್ಕಳು ಶಾಲೆ ಬಿಟ್ಟು ಹೋಗಿರುತ್ತಾರೆ. ಹೆಡ್ ಮೇಡಂ ಕಟ್ಟುನಿಟ್ಟು: ಮುಕ್ತ ಎಂದು ಪುಸ್ತಕದಲ್ಲೇ ಗುರುತಿದ್ದರೆ ಮಾತ್ರ ಒತ್ತಿಸುವುದು. ಹಿಂದೊಮ್ಮೆ ಯಾರದ್ದೋ ಪಾಠ ಒತ್ತಿಸಿ ನೋಟೀಸು ತಿಂದ ಅನುಭವ ಅವರದು.

"ಕೊನೇ ಪುಟದಲ್ಲಿ ಒಂದು ಸಾಲಿದೆಯಲ್ಲ..." ಎಂದು ಅಂಚಮ್ಮ ಅರೆಮನಸ್ಸಿನಿಂದ ಎಂದರು.

"ಅದನ್ನ ಮೇಡಂಗೆ ಕೇಳಿಸಿದೆ. ತುಂಬಾ ಹೊತ್ತು ನಕ್ಕರು. ಆಮೇಲೆ ಆಗಲ್ಲ ಅಂದ್ರು."

ಹಲ್ಲಿನ ಸಂದಿಯಲ್ಲಿ ಇಷ್ಟು ವರ್ಷ ಸಿಕ್ಕಿಕೊಂಡದ್ದು ಅಂಚಮ್ಮನಿಗೆ ಆ ಕ್ಷಣ ಚುಚ್ಚಿತು. "ಆ ಪುಸ್ತಕದ ಹೊಸ ಮುದ್ರಣ ಈಗ ನನ್ನ ಕೈಯಲ್ಲೇ ಇದೆ. ಗುರುತು ಹಾಕಿ ಕಳಿಸ್ತೀನಿ. ನಿಮ್ಮ ಸರದಿ ತಪ್ಪಲ್ಲ" ಎಂದುಬಿಟ್ಟರು.

ಫೋನಿಟ್ಟ ಮೇಲೆ ಅಕ್ಕ ಟೇಪಿನ ಸುರುಳಿಯನ್ನು ಹಲ್ಲಿನಿಂದ ಬಿಡಿಸಿಕೊಂಡು ಕೇಳಿದರು: "ನಿಮ್ಮ ಭಾವನ್ನ ಒಂದು ಮಾತು ಕೇಳ್ದೆ ಮಾತು ಕೊಟ್ಬಿಟ್ಟೆಯಲ್ಲೇ?"

"ಕೇಳಿದ್ರೆ ಕೊಡೋಕೆ ಆಗ್ತಿತ್ತಾ?"

"ಅದೂ ನಿಜ" ಎಂದು ಅಕ್ಕ ಮುಂದಿನ ಪೆಟ್ಟಿಗೆಗೆ ಕೈ ಹಾಕಿದರು.

ಮುಕ್ತವಾದ ಭಾಗದ ಹಿಂದೆ ತಿಳಿ ಬೂದು ಬಣ್ಣ ಹಾಕಿ, ಸ್ವಂತದ್ದನ್ನು ಬಿಳಿಯಲ್ಲೇ ಬಿಡುವುದು ಈ ಕಸುಬಿನಲ್ಲಿ ಕೆಲವರು ಮಾಡುವ ಪದ್ಧತಿ. ಅಂಚಮ್ಮ ಅದನ್ನೇ ಹಿಡಿದರು. ಮಾದರಿ ಪುಟವನ್ನು ಭಾವನ ಮುಂದಿಟ್ಟಾಗ ಅವರು ಕುರ್ಚಿಯಿಂದ ಎದ್ದರು.

"ಏನಮ್ಮಾ ಇದು, ನನ್ನ ಸಮುದ್ರಕ್ಕೆ ಬೂದಿ ಕಲಸ್ತಾ ಇದೀಯಾ?"

"ಬೂದಿಯಲ್ಲ ಭಾವ, ಬೂದು. ಇಷ್ಟು ಭಾಗ ಮುಕ್ತ ಅಂತ ಗುರುತು."

"ಪಕ್ಕದ ಬಿಳಿಗಿಂತ ಇದೇ ಜಾಸ್ತಿ ಇದೆಯಲ್ಲ! ನೋಡಿದವರು ಏನಂದ್ಕೋತಾರೆ, ಇವನು ಬರೆದದ್ದು ಇಷ್ಟೇ ಅನ್ನಲ್ವಾ?"

ಅಂಚಮ್ಮ ನಿಜ ಹೇಳಿದ್ದರೆ ಸಂಬಂಧ ಕೆಡುತ್ತಿತ್ತು. ಅಕ್ಕ ಮಧ್ಯೆ ಬಂದು ಸಂಧಾನ ಮಾಡಿದ ಮೇಲೆ ಭಾವ ಬಣ್ಣಕ್ಕೆ ಒಪ್ಪಿದರು, ಆದರೆ ತಿಳಿಯಾಗಬೇಕು ಎಂದರು. ತಿಳಿ ಮಾಡಿದರು. ಇನ್ನೂ ತಿಳಿ ಎಂದರು. ಸೀರೆ ಅಂಗಡಿಯಲ್ಲಿ ನಿಂತ ಗಿರಾಕಿಯ ಹಾಗೆ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಡಿದು ನೋಡಿದರು. ಕೊನೆಗೆ ಒಪ್ಪಿಗೆಯಾದ ಬೂದು ಎಷ್ಟು ತಿಳಿಯಾಗಿತ್ತೆಂದರೆ, ಹೇಳಿ ತೋರಿಸಿದರೆ ಕಾಣುತ್ತಿತ್ತು.

ಅದಕ್ಕಿಂತ ದೊಡ್ಡ ತಾಪತ್ರಯ ಚಕ್ರವರ್ತಿಯದು. ಭಾವನ ಲೋಕಕ್ಕೆಲ್ಲ ಒಡೆಯ 'ಉಕ್ಕಿನ ಗಡ್ಡದ ಚಕ್ರವರ್ತಿ'. ಭಾವನಿಗೂ ಗಡ್ಡವಿದೆ. ಅದು ಕಾಕತಾಳೀಯವಂತೆ. ಈ ಚಕ್ರವರ್ತಿ ತನ್ನ ಕಥೆಯ ಪುಟಗಳಲ್ಲಿ ಸುಮ್ಮನೆ ಸಿಂಹಾಸನದ ಮೇಲೆ ಕೂತಿದ್ದರೆ ಯಾರಿಗೂ ತಕರಾರಿರಲಿಲ್ಲ. ಆದರೆ ಭಾವ ಅವನನ್ನು ಪ್ರತಿಯೊಂದು ನಿಯಮದೊಳಕ್ಕೂ ನುಗ್ಗಿಸಿದ್ದರು. 'ಗಾಳಿ ಅನುಕೂಲವಾಗಿದ್ದರೆ ಎರಡು ದಾಳ ಎಸೆದು ದೊಡ್ಡದನ್ನು ಇಟ್ಟುಕೊಳ್ಳಿ' ಎಂದು ಪುಣ್ಯಾತ್ಮರು ಬರೆದುಕೊಟ್ಟ ನಿಯಮ ಭಾವನ ಕೈಯಲ್ಲಿ 'ಉಕ್ಕಿನ ಗಡ್ಡದ ಚಕ್ರವರ್ತಿಯ ಕೃಪಾಕಟಾಕ್ಷದಿಂದ ಗಾಳಿ ಅನುಕೂಲವಾಗಿದ್ದಲ್ಲಿ ಎರಡು ದಾಳಗಳನ್ನು ಎಸೆದು, ಚಕ್ರವರ್ತಿಗೆ ವಂದಿಸಿ, ದೊಡ್ಡದನ್ನು ಇಟ್ಟುಕೊಳ್ಳತಕ್ಕದ್ದು' ಎಂದಾಗಿತ್ತು. ನಿಯಮ ಮುಕ್ತ, ಚಕ್ರವರ್ತಿ ಸ್ವಂತ. ಒಂದೇ ವಾಕ್ಯದಲ್ಲಿ ಇಬ್ಬರ ಸಂಸಾರ.

ಅಂಚಮ್ಮ ಹಟ ಬಿಡಲಿಲ್ಲ. ಒಂದೊಂದೇ ವಾಕ್ಯ ಹಿಡಿದು, ನಿಯಮದ ಪದಗಳ ಹಿಂದೆ ಬೂದು ಹಾಕಿ, ಚಕ್ರವರ್ತಿ ಇರುವಲ್ಲೆಲ್ಲ ಬಿಳಿ ಬಿಡುತ್ತ ಹೋದರು. ಪುಟ ದೂರದಿಂದ ಇಲಿ ಕಡಿದ ಕಂಬಳಿಯ ಹಾಗೆ ಕಾಣುತ್ತಿತ್ತು. ಆದರೆ ಸರಿಯಾಗಿತ್ತು. ಮನೆಯಲ್ಲಿ ಗಂಡ "ಊಟಕ್ಕೆ ಏನು?" ಎಂದರೆ "ಬಿಳಿ" ಎನ್ನುವಷ್ಟು ಅದರಲ್ಲಿ ಮುಳುಗಿ, ಅಧ್ಯಾಯ ಮುಗಿಸಿ, ಫೈಲನ್ನು ಟೀಚರಿಗೆ ಕಳಿಸಿದರು. ಅವತ್ತು ಮೆಟ್ಟಿಲು ಇಳಿಯುವಾಗ ಸೈಕಲ್ ಅಂಗಡಿಯವರಿಗೂ ಒಂದು ನಗು ಕೊಟ್ಟರಂತೆ. ಅಪರೂಪ.

ಮರುದಿನ ಟೀಚರ ಫೋನು ಬಂತು. ಧ್ವನಿಯಲ್ಲಿ ಸಂಕೋಚ.

"ಅಕ್ಕ, ಫೈಲ್ ಬಂತು. ತುಂಬಾ ಥ್ಯಾಂಕ್ಸ್. ಆದ್ರೆ ಗುರುತು ಎಲ್ಲಿದೆ?"

"ಪುಟದ ತುಂಬಾ ಇದೆಯಲ್ಲ! ಬೂದು ಇರೋದೆಲ್ಲ ಮುಕ್ತ. ಸ್ವಲ್ಪ ತಿಳಿಯಾಗಿದೆ, ಬೆಳಕಲ್ಲಿ ಹಿಡಿದು ನೋಡಿ."

ಟೀಚರು ಮೆಲ್ಲಗೆ ಹೇಳಿದರು.

"ಅಕ್ಕ, ನಂಗೂ ಕಣ್ಣು ಕಾಣಲ್ಲ. ನಮ್ಮ ಕಂಪ್ಯೂಟರು ಓದಿ ಹೇಳತ್ತೆ, ನಾನು ಕೇಳ್ಕೋತೀನಿ. ಅಕ್ಷರ ಇದ್ರೆ ಓದತ್ತೆ. ಬಣ್ಣ ಓದಲ್ಲ. ಬ್ರೈಲ್ ಮೆಷಿನ್ನೂ ಅಷ್ಟೇ. ಬೂದು ಚುಕ್ಕಿ ಅಂತ ಇಲ್ಲ ನೋಡಿ."

ಅಂಚಮ್ಮ ಅಂಧ ಮಕ್ಕಳ ಪುಸ್ತಕಕ್ಕೆ, ಅಷ್ಟು ದಿನ ಕಣ್ಣು ಕೆಂಪಾಗುವಂತೆ ಕೂತು, ಕಣ್ಣಿದ್ದವರಿಗೂ ಸರಿಯಾಗಿ ಕಾಣದ ಬಣ್ಣ ಬಳಿದಿದ್ದರು. ಅಂಚು, ಗೆರೆ, ಬಣ್ಣ ಎಂದೇ ಜೀವ ಸವೆಸಿದವರಿಗಲ್ಲದೆ ಬೇರೆ ಯಾರಿಗೂ ಇಂಥ ತಪ್ಪು ಹೊಳೆಯಲು ಸಾಧ್ಯವಿಲ್ಲ.

"ಟೀಚರೇ" ಎಂದರು, "ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ."

"ಅಯ್ಯೋ, ಹಾಗನ್ಬೇಡಿ. ನಮ್ಮ ಶಾಲೆ ಉದ್ಘಾಟನೆಗೆ ಬಂದವರು ಗೋಡೆಗೆ ದೊಡ್ಡ ಚಿತ್ರ ಬರೆಸಿಕೊಟ್ಟು ಹೋಗಿದಾರೆ. ನೀವೇ ವಾಸಿ."

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಅಂಚಮ್ಮ ಕೇಳಿದರು: "ನಿಮಗೆ ಹೇಗಿದ್ರೆ ಕೇಳಿಸತ್ತೆ, ಅದನ್ನ ಹೇಳಿ."

"ಮಾತಲ್ಲೇ ಹೇಳ್ಬಿಡಿ ಅಕ್ಕ. ಶುರುವಾಗೋ ಕಡೆ 'ಮುಕ್ತ ಆರಂಭ' ಅನ್ನಿ, ಮುಗಿಯೋ ಕಡೆ 'ಮುಕ್ತ ಮುಗಿಯಿತು' ಅನ್ನಿ. ಆದ್ರೆ ಒಂದೊಂದು ವಾಕ್ಯದಲ್ಲಿ ನಾಲ್ಕು ಸಲ ಶುರುವಾಗಿ ನಾಲ್ಕು ಸಲ ಮುಗಿಯೋದು ಬೇಡ. ಮಕ್ಕಳು ಮುಖ್ಯವಾದ್ದನ್ನೇ ಮರೀತಾರೆ."

ಅಂದರೆ ಇಲಿ ಕಡಿದ ಕಂಬಳಿಯ ಲೆಕ್ಕಾಚಾರ ಇನ್ನು ನಡೆಯುವುದಿಲ್ಲ. ನಿಯಮವೆಲ್ಲ ಒಂದು ಕಡೆ ಒಟ್ಟಿಗೆ ಬರಬೇಕು. ಚಕ್ರವರ್ತಿ ನಿಯಮಗಳಿಂದ ಎದ್ದು ಹೊರಗೆ ಹೋಗಬೇಕು.

ಅಂಚಮ್ಮ ಮುಂದಿನ ಕೋಣೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಭಾವ ಕೇಳಿಸಿಕೊಂಡು ಗಡ್ಡ ನೀವಿಕೊಂಡರು.

"ಆರಂಭ, ಮುಗಿಯಿತು, ಆರಂಭ, ಮುಗಿಯಿತು! ನನ್ನ ಸಾಮ್ರಾಜ್ಯ ಏನು ರೈಲ್ವೆ ಸ್ಟೇಷನ್ನಾ, ಅನೌನ್ಸ್ ಮಾಡೋಕೆ? ಮೇಲಾಗಿ ಚಕ್ರವರ್ತೀನೇ ಓಡಿಸ್ತೀಯಾ?"

"ಓಡಿಸಲ್ಲ ಭಾವ. ಅವನ ಕಥೆ ಪುಟದಲ್ಲಿ ಅವನು ಇರ್ಲಿ. ನಿಯಮದಲ್ಲಿ ಬೇಡ."

"ಆಗಲ್ಲ."

"ಹಾಗಾದ್ರೆ ಈ ಪುಸ್ತಕ ನನ್ನ ಕಂಪ್ಯೂಟರಿಂದ ಪ್ರೆಸ್ಸಿಗೆ ಹೋಗಲ್ಲ."

"ಇವಳೇ!" ಎಂದು ಭಾವ ನಡುವಿನ ಕೋಣೆಗೆ ಕೇಳುವಂತೆ ಕೂಗಿದರು. "ನಿನ್ನ ತಂಗಿ ನನ್ನನ್ನೇ ಹೆದರಿಸ್ತಾಳೆ ನೋಡು!"

"ಕೇಳಿಸ್ತು ರೀ" ಎಂದು ಅಕ್ಕ ಅಲ್ಲಿಂದಲೇ ಹೇಳಿದರು. "ಯಾರಾದ್ರೂ ಒಬ್ಬರು ಹೆದರಿಸ್ಲಿ ಅಂತ ನಾನೂ ಕಾಯ್ತಾ ಇದ್ದೆ."

ಕುಟುಂಬದ ಪ್ರಕಾಶನದಲ್ಲಿ ಮುಷ್ಕರ ನಡೆಯುವ ರೀತಿಯೇ ಬೇರೆ. ಘೋಷಣೆ ಇಲ್ಲ, ಬಾವುಟ ಇಲ್ಲ. ಅಂಚಮ್ಮ ದಿನಾ ಸಮಯಕ್ಕೆ ಸರಿಯಾಗಿ ಬಂದು ಕೂರುತ್ತಿದ್ದರು, ಬೇರೆ ಕೆಲಸವನ್ನೆಲ್ಲ ಮಾಡುತ್ತಿದ್ದರು, ಸಮುದ್ರಯಾನವನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಚಹಾ ಮೂರೂ ಕೋಣೆಗೆ ಹೋಗುತ್ತಿತ್ತು, ಮಾತು ಹೋಗುತ್ತಿರಲಿಲ್ಲ. ಭಾವ ಹೇಳಬೇಕಾದ್ದನ್ನು ಅಕ್ಕನಿಗೆ ಹೇಳುತ್ತಿದ್ದರು, ಅಕ್ಕ ಅದನ್ನು ತಂಗಿಗೆ ದಾಟಿಸುವಷ್ಟರಲ್ಲಿ ಅರ್ಧ ಉಪ್ಪು ಖಾರ ತೆಗೆದಿರುತ್ತಿದ್ದರು.

ಕಡೆಗೆ ಭಾವ ತಾವೇ ಗುರುತು ಹಾಕುತ್ತೇನೆಂದು ಅಧ್ಯಾಯದ ಪ್ರತಿಯನ್ನು ಮನೆಗೆ ಒಯ್ದರು. ರಜೆಯ ಮರುದಿನ ತಂದು ಅಂಚಮ್ಮನ ಮೇಜಿನ ಮೇಲಿಟ್ಟರು. ತಮ್ಮದೆಂದು ಕಂಡದ್ದಕ್ಕೆಲ್ಲ ಕೆಂಪು ಗೆರೆ ಎಳೆದಿದ್ದರು. ಪುಟಗಳು ಟೊಮೆಟೊ ಹಣ್ಣಿನಂತೆ ಕಂಗೊಳಿಸುತ್ತಿದ್ದವು.

ಅಂಚಮ್ಮ ಓದುತ್ತ ಹೋದರು. "ಆರು ಮುಖದ ದಾಳ. ಇದು ನಿಮ್ಮದಾ ಭಾವ?"

ಭಾವ ಕಿಟಕಿಯ ಕಡೆ ನೋಡಿದರು. "ಅದು... ಕೈ ತಪ್ಪಿ ಹೋಗಿದೆ."

"ದೋಣಿ ಮುಂದಕ್ಕೆ ಹೋಗುವುದು. ಇದು?"

"ಹೋಗೋ ರೀತಿ ನಂದು."

"ಗಾಳಿ?"

"ಸಾಕು ಬಿಡಮ್ಮ!" ಎಂದು ಭಾವ ಸ್ಟೂಲಿನ ಮೇಲೆ ಕೂತರು. ಇಷ್ಟು ದಿನದಲ್ಲಿ ಮೊದಲ ಸಲ ಅವರ ಧ್ವನಿ ಸಣ್ಣದಾಗಿತ್ತು. "ನಿಂಗೇನು ಗೊತ್ತು? ಬೇರೆಯವರದ್ದೆಲ್ಲ ಗುರುತು ಹಾಕಿ ಪಕ್ಕಕ್ಕಿಟ್ರೆ ನನ್ನದು ಅಂತ ಉಳಿಯೋದು ಆ ಗಡ್ಡದವನೊಬ್ಬ. ಅವನನ್ನೂ ಮೂಲೆಗೆ ಕೂರಿಸಿದ್ರೆ ನಾನು ಯಾರು?"

ಅಂಚಮ್ಮನಿಗೆ ಪಾಪ ಎನ್ನಿಸಿತು. ಆದರೆ ಪಾಪ ಎನ್ನಿಸಿದ್ದಕ್ಕೆ ಕೈಯಲ್ಲಿದ್ದ ಕೆಲಸ ಬಿಡುವ ಜಾಯಮಾನ ಅವರದಲ್ಲ. ಬೇರೆಯವರು ಗುರುತು ಹೇಗೆ ಹಾಕುತ್ತಾರೆಂದು ನೋಡಲು ತರಿಸಿಟ್ಟುಕೊಂಡಿದ್ದ ಪುಸ್ತಕಗಳಲ್ಲಿ ಒಂದನ್ನು ತೆಗೆದು, ಒಂದು ಪುಟ ಬಿಡಿಸಿ ಭಾವನ ತೊಡೆಯ ಮೇಲಿಟ್ಟರು. ಯಾವುದೋ ದೂರದ ಪ್ರಕಾಶನದ್ದು. ಹೆದ್ದಾರಿಯ ಪಕ್ಕದ ಹೋಟೆಲಿನಲ್ಲಿ ನಡೆಯುವ ಕಥೆಯಾಟ. ಅಲ್ಲಿ ಅಚ್ಚಾಗಿತ್ತು: 'ಅಡುಗೆಯವನಾದ ಉಕ್ಕಿನ ಗಡ್ಡದ ಚಕ್ರವರ್ತಿಯ ಕೃಪಾಕಟಾಕ್ಷವಿದ್ದಲ್ಲಿ ಊಟ ಬೇಗ ಬರುತ್ತದೆ. ಎರಡು ದಾಳಗಳನ್ನು ಎಸೆದು ದೊಡ್ಡದನ್ನು ಇಟ್ಟುಕೊಳ್ಳಿ.' ಪಕ್ಕದಲ್ಲಿ ಚಿತ್ರ. ಚಕ್ರವರ್ತಿ ಮೊಣಕಾಲೂರಿ ಈರುಳ್ಳಿ ಸುಲಿಯುತ್ತಿದ್ದ. ಕಣ್ಣಲ್ಲಿ ನೀರು. ಪುಸ್ತಕದ ಕೊನೆಯಲ್ಲಿ ಭಾವನ ಹೆಸರು ಹಾಕಿ, ಮುಕ್ತವಾಗಿ ಕೊಟ್ಟದ್ದಕ್ಕೆ ಕೃತಜ್ಞತೆಯನ್ನೂ ಹೇಳಿದ್ದರು.

ಭಾವನ ಬಾಯಿ ತೆರೆದೇ ಇತ್ತು. "ಕಳ್ಳರು!"

"ಕಳ್ಳರಲ್ಲ ಭಾವ. ನಿಯಮ ಮುಕ್ತ ಅಂತ ಗೊತ್ತಿತ್ತು, ವಾಕ್ಯ ಪೂರ್ತಿ ಎತ್ತಿದಾರೆ. ಅದರೊಳಗೆ ಚಕ್ರವರ್ತಿ ಕೂತಿದ್ದ, ಅವನೂ ಮುಕ್ತ ಅಂದ್ಕೊಂಡ್ರು. ಮುಕ್ತವಾಗಿರೋದೆಲ್ಲ ಮುಕ್ತ ಅಂತ ಬರೆದವರು ನಾವೇ ತಾನೇ? ಗೆರೆ ಎಳೀತೀನಿ ಅಂದಿದ್ದು ನಿಮ್ಮದನ್ನ ಕಿತ್ತುಕೊಡೋಕಲ್ಲ. ಗೆರೆಯ ಆ ಕಡೆ ಇರೋನ್ನ ಯಾರೂ ಮುಟ್ಟಲ್ಲ."

ಭಾವ ಈರುಳ್ಳಿ ಸುಲಿಯುವ ಚಕ್ರವರ್ತಿಯನ್ನು ಇನ್ನೊಮ್ಮೆ ನೋಡಿದರು. ಬಾಗಿಲಲ್ಲಿ ನಿಂತು ಇಣುಕಿದ ಅಕ್ಕ, "ಮನೇಲಿ ಒಂದು ದಿನ ಈರುಳ್ಳಿ ಮುಟ್ಟಿದವರಲ್ಲ" ಎಂದು ಯಾರಿಗೂ ಅಲ್ಲದಂತೆ ಹೇಳಿದರು.

"ಎತ್ತು ಅವನನ್ನ" ಎಂದರು ಭಾವ. "ಎಲ್ಲಾ ನಿಯಮದಿಂದ ಎತ್ತು. ಒಂದು ಕೂದಲೂ ಅಲ್ಲಿ ಉಳೀಬಾರದು."

ಅಲ್ಲಿಂದ ಕೆಲಸ ನಡೆದ ವೇಗ ಬೇರೆ. ಬೆಳಗ್ಗೆ ಬಂದವರು ಅಕ್ಕಪಕ್ಕ ಕೂರುತ್ತಿದ್ದರು. ಅಂಚಮ್ಮ ವಾಕ್ಯ ಓದುವುದು, ಭಾವ "ನಂದು" ಅಥವಾ "ಎಲ್ಲರದು" ಎನ್ನುವುದು, ಅನುಮಾನ ಬಂದಲ್ಲಿ ಪುಣ್ಯಾತ್ಮರ ಮೂಲ ಪುಸ್ತಕ ತೆಗೆದು ಹೋಲಿಸುವುದು. ಭಾವ ಒಂದು ಪದ ಜಾಸ್ತಿ ತಮ್ಮದೆಂದರೆ ಅಂಚಮ್ಮ ಕನ್ನಡಕದ ಮೇಲಿಂದ ನೋಡುತ್ತಿದ್ದರು. ಅಷ್ಟೇ. ಭಾವ ತಿದ್ದಿಕೊಳ್ಳುತ್ತಿದ್ದರು. ನಿಯಮಗಳೆಲ್ಲ ಒಟ್ಟಾಗಿ, ಮುಂದೆ 'ಮುಕ್ತ ಆರಂಭ', ಹಿಂದೆ 'ಮುಕ್ತ ಮುಗಿಯಿತು' ಎಂಬ ಪದಗಳ ನಡುವೆ ಕೂತವು. ಪ್ರತಿ ಪುಟ ಮುಗಿದಾಗ ಅಂಚಮ್ಮ ಕಣ್ಣು ಮುಚ್ಚಿಕೊಂಡು ಕಂಪ್ಯೂಟರಿಂದ ಓದಿಸಿ ಕೇಳುತ್ತಿದ್ದರು. ಅಂಚು ನೋಡುವವರು ಅಂಚು ಕೇಳಲು ಕಲಿತದ್ದು ಹೀಗೆ.

ಒಂದೇ ಒಂದು ಕಡೆ ಗಾಡಿ ನಿಂತಿತು. ದೋಣಿ ಮಗುಚಿ ಎಲ್ಲರೂ ನೀರಿಗೆ ಬಿದ್ದಾಗ ಏನು ಮಾಡಬೇಕೆನ್ನುವ 'ಉಸಿರಿನ ನಿಯಮ'. ಅದಕ್ಕೆ ದಾಳವೇ ಬೇಡ. ಮೇಜಿನ ಸುತ್ತ ಕೂತವರೆಲ್ಲ ಪಕ್ಕದವರ ಕೈ ಹಿಡಿದು ಒಟ್ಟಿಗೆ 'ಹೂಂ' ಎಂದು ಎಳೆಯಬೇಕು. ಯಾರ ಉಸಿರು ಮುಗಿಯಿತೋ ಅವರು ಪಕ್ಕದವರ ಕೈ ಅದುಮಬೇಕು, ಪಕ್ಕದವರು ಅವರ ಪಾಲನ್ನೂ ಎಳೆಯಬೇಕು. ಉಸಿರು ಬಂದವರು ಮತ್ತೆ ಸೇರಿಕೊಳ್ಳಬಹುದು. ಒಂದು ದನಿಯಾದರೂ ಉಳಿದಿರುವವರೆಗೆ ಯಾರೂ ಮುಳುಗುವುದಿಲ್ಲ. ದಾಳ ಬೀರುವಿನ ಕೆಳಗೆ ಉರುಳಿಹೋಗಿ ಸಿಗದಿದ್ದ ಒಂದು ಸಂಜೆ ಭಾವನಿಗೆ ಹೊಳೆದು, ಈ ಮುದ್ರಣಕ್ಕೆ ಹೊಸದಾಗಿ ಸೇರಿದ ನಿಯಮವಂತೆ. ಮೂಲ ಪುಸ್ತಕಗಳನ್ನೆಲ್ಲ ತಿರುವಿಹಾಕಿದರೂ ಅದು ಎಲ್ಲೂ ಇರಲಿಲ್ಲ. ಅಪ್ಪಟ ಭಾವನದೇ.

ಕಣ್ಣಿಲ್ಲದ ಮಕ್ಕಳಿಗೆ ಇದಕ್ಕಿಂತ ಒಪ್ಪುವ ನಿಯಮ ಇಡೀ ಪುಸ್ತಕದಲ್ಲಿ ಇರಲಿಲ್ಲ. ಅಂಚಮ್ಮ ಒಮ್ಮೆ ಕೇಳಿ ನೋಡಿದರು.

"ಇದನ್ನ ಮುಕ್ತ ಮಾಡ್ತೀರಾ ಭಾವ?"

"ನೋಡೋಣ" ಎಂದರು ಭಾವ. ಅವರ ನಿಘಂಟಿನಲ್ಲಿ ಅದಕ್ಕೆ 'ಇಲ್ಲ' ಎಂದೇ ಅರ್ಥ.

ಅಂಚಮ್ಮ ಒತ್ತಾಯಿಸಲಿಲ್ಲ. ಬೇರೆಯವರದ್ದನ್ನು ಭಾವ ತನ್ನದೆನ್ನಬಾರದು ಎಂದು ಇಷ್ಟು ಜಗಳವಾಡಿದ ಮೇಲೆ, ಭಾವನದ್ದನ್ನು ಎಲ್ಲರದೆಂದು ತಾನು ಬರೆಯುವುದು ಹೇಗೆ? ಆ ನಿಯಮಕ್ಕೆ ಮೊದಲು 'ಮುಕ್ತ ಮುಗಿಯಿತು' ಎಂದು ಹಾಕಿದರು, ದಡ ಸೇರಿದ ಮೇಲಿನ ನಿಯಮಕ್ಕೆ ಮತ್ತೆ 'ಮುಕ್ತ ಆರಂಭ' ಎಂದರು. ಫೈಲು ಟೀಚರಿಗೆ ಹೋಯಿತು. ಹೆಡ್ ಮೇಡಂ ಪೂರ್ತಿ ಓದಿ, ಗುರುತುಗಳಿಗೆ ತಲೆದೂಗಿ, ಒತ್ತಿಸಲು ಅಪ್ಪಣೆ ಕೊಟ್ಟರು ಎಂಬ ಸುದ್ದಿಯೂ ಬಂತು. ಯಂತ್ರದ ಸರದಿ ಆ ವಾರವೇ ಇತ್ತು.

ಯಂತ್ರಕ್ಕೆ ಹೋಗುವ ಮುಂಚಿನ ದಿನ ಫೋನು ಬಂದಾಗ ಅಂಚಮ್ಮ ಹಿಂದಿನ ಕೋಣೆಯಲ್ಲಿ ಪ್ರೆಸ್ಸಿನವನೊಂದಿಗೆ ಕಾಗದದ ದಪ್ಪದ ಬಗ್ಗೆ ವಾದಿಸುತ್ತಿದ್ದರು. ಭಾವ ಎತ್ತಿಕೊಂಡರು.

"ಸರ್, ನೀವೇನಾ? ಒಳ್ಳೇದಾಯ್ತು" ಎಂದರು ಟೀಚರು. "ಒತ್ತಿಸೋ ಮುಂಚೆ ಸರಿ ಇದೆಯಾ ಅಂತ ಮಕ್ಕಳಿಗೆ ಓದಿಸಿ ಆಡಿಸ್ತಾ ಇದೀನಿ. ನಿನ್ನೆ ದೋಣಿ ಮಗುಚ್ತು ಸರ್. ಆಮೇಲೆ 'ಮುಕ್ತ ಮುಗಿಯಿತು' ಅಂತು. ಮುಂದಿನ ಸಾಲು ದಡದಲ್ಲಿದೆ. ಮಧ್ಯದ್ದು ಮುಕ್ತ ಅಲ್ಲ ಅಂತ ತೆಗೆದಿದೀವಿ, ಅಲ್ಲಿ ಏನೂ ಇಲ್ಲ. ಮುಗಿದ್ಮೇಲೆ ಮುಟ್ಟಬಾರದು ಅಂತ ನಾನೇ ಪಾಠ ಮಾಡಿದೀನಿ. ಇಬ್ಬರು ನಿನ್ನೆಯಿಂದ ನೀರಲ್ಲೇ ಇದಾರೆ."

"ನೀರಲ್ಲಾ?"

"ಹೂಂ ಸರ್. ಬೆಳಿಗ್ಗೆ ತಿಂಡಿಗೆ ಬರಲ್ಲ ಅಂದ್ರು, ನೀರಲ್ಲಿ ಹೇಗೆ ತಿನ್ನೋದು ಅಂತ. ದಡಕ್ಕೆ ಬರೋ ದಾರಿ ಪುಸ್ತಕದಲ್ಲಿ ಇಲ್ಲಾಂದ್ರೆ ಬರೋ ಹಾಗಿಲ್ವಂತೆ. ಕಾನೂನು ಪಕ್ಕಾ."

ಲೋಕ ನಿರ್ಮಿಸುವವರಿಗೆ ಅದರೊಳಗೆ ನಿಜವಾಗಿ ಯಾರೋ ಇದ್ದಾರೆ ಎನ್ನುವುದು ಅಷ್ಟಾಗಿ ಹೊಳೆದಿರುವುದಿಲ್ಲ. ಭಾವ ಎದ್ದು ನಿಂತರು. "ಅಯ್ಯೋ, ಕೈ ಹಿಡ್ಕೊಳ್ಳೋಕೆ ಹೇಳಿ! ಪಕ್ಕದವರ ಕೈ! ಎಲ್ಲರೂ ಒಟ್ಟಿಗೆ, ಹೀಗೆ, ಹೂಂಂಂಂಂ..."

ಅಕ್ಕ ಓಡಿ ಬಂದರು. ಭಾವ ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದು ಕೈಯಿಂದ ಅಕ್ಕನ ಕೈ ಎಳೆದುಕೊಂಡು, ಕಣ್ಣು ಮುಚ್ಚಿ 'ಹೂಂ' ಎಳೆಯುತ್ತಿದ್ದರು. ಉಸಿರು ಮುಗಿದಾಗ ಅಕ್ಕನ ಕೈ ಅದುಮಿದರು. ಅಕ್ಕನಿಗೆ ಬೇರೆ ದಾರಿಯಿರಲಿಲ್ಲ, ಅವರೂ 'ಹೂಂ' ಎಂದರು. ಕೆಳಗೆ ಗಾಳಿ ಹೊಡೆಯುವ ಸದ್ದು ನಿಂತು ಸೈಕಲ್ ಅಂಗಡಿಯವರು ತಲೆಯೆತ್ತಿದರು.

"ರೀ, ಕೊರಿಯರಿನವನು ನೋಡ್ತಾ ಇದಾನೆ" ಎಂದರು ಅಕ್ಕ, ಸಿಕ್ಕ ಉಸಿರಿನಲ್ಲಿ.

"ನೋಡ್ಲಿ! ನಿಲ್ಲಿಸ್ಬೇಡ!"

ಅಂಚಮ್ಮ ಬಾಗಿಲಲ್ಲಿ ನಿಂತು, ಅವರಿಬ್ಬರ ಉಸಿರೂ ಮುಗಿಯುವವರೆಗೆ ಕಾದು, ಫೋನನ್ನು ಭಾವನ ಕೈಯಿಂದ ತೆಗೆದುಕೊಂಡರು. "ಟೀಚರೇ, ಐದು ನಿಮಿಷ ತಡೀರಿ. ಇನ್ನೂ ಯಾರನ್ನೂ ಮೇಲೆತ್ತಬೇಡಿ." ಫೋನನ್ನು ಮೇಜಿನ ಮೇಲಿಟ್ಟು ಭಾವನ ಕಡೆ ತಿರುಗಿದರು.

"ಫೋನಲ್ಲಿ ಹೂಂ ಅಂದ್ರೆ ಮುಕ್ತ ಆಗಲ್ಲ ಭಾವ."

"ಮಕ್ಕಳು ನೀರಲ್ಲಿದಾರೆ, ನೀನು ಲೈಸೆನ್ಸ್ ಮಾತಾಡ್ತೀಯಲ್ಲ!"

"ಅದಕ್ಕೇ ಮಾತಾಡ್ತಿರೋದು. ಇವತ್ತು ಈ ಇಬ್ಬರಿಗೆ ಬಾಯಲ್ಲಿ ಹೇಳಿದ್ರಿ. ನಾಳೆ ಒತ್ತಿದ ಪುಸ್ತಕದಲ್ಲಿ ಅದು ಇರಲ್ಲ. ಅದನ್ನ ಓದಿದವರೆಲ್ಲ ಅಲ್ಲೇ ಮುಳುಗ್ತಾರೆ, ಪ್ರತಿಯೊಬ್ಬರಿಗೂ ಫೋನ್ ಮಾಡ್ತೀರಾ? ಕೊಡಲ್ಲ ಅಂದ್ರೆ ಕೊಡ್ಬೇಡಿ, ನಿಮ್ಮದು, ನಾನು ಬಲವಂತ ಮಾಡಲ್ಲ. ಆದ್ರೆ ಬಾಯಲ್ಲಿ ಕೊಟ್ಟು ಪುಸ್ತಕದಲ್ಲಿ ಇಟ್ಕೊಳ್ಳೋದು ಆಗಲ್ಲ. ಎರಡರಲ್ಲಿ ಒಂದು ಹೇಳಿ."

ಭಾವ ಅಕ್ಕನ ಮುಖ ನೋಡಿದರು. ಅಕ್ಕ ಇನ್ನೂ ಏದುಸಿರು ಬಿಡುತ್ತಿದ್ದರು, ಸಹಾಯಕ್ಕೆ ಬರಲಿಲ್ಲ.

"ಇದೊಂದು ನಿಜವಾಗ್ಲೂ ನಂದು ಕಣಮ್ಮ."

"ಗೊತ್ತು. ಅದಕ್ಕೇ ಇದೊಂದನ್ನ ಮಾತ್ರ ನೀವು ಕೊಡೋಕೆ ಆಗೋದು. ಉಳಿದದ್ದೆಲ್ಲ ಆಗಲೇ ಬೇರೆಯವರು ಕೊಟ್ಟಾಗಿದೆ."

ಭಾವ ಗಡ್ಡಕ್ಕೆ ಕೈ ಹಾಕಿದರು, ತೆಗೆದರು. "ಹೆಸರು?"

"ತಗೊಂಡವರು ಹೇಳ್ಲೇಬೇಕು. ಬ್ರೈಲಲ್ಲೂ ಬರತ್ತೆ."

"ಹಾಗಾದ್ರೆ ಬರ್ಕೋ" ಎಂದು ಭಾವ ಹಿಂದಿನ ಕೋಣೆಯತ್ತ ಹೊರಟರು. ಅಂಚಮ್ಮ ಆಗಲೇ ಕುರ್ಚಿಯಲ್ಲಿದ್ದರು.

"ಎಲ್ಲಿಂದ ಎಲ್ಲೀವರೆಗೆ?"

"ದೋಣಿ ಮಗುಚಿದಲ್ಲಿಂದ... ಚಕ್ರವರ್ತಿಯ ಶಂಖನಾದದೋಪಾದಿಯಲ್ಲಿ 'ಹೂಂ'..."

ಅಂಚಮ್ಮ ಕನ್ನಡಕದ ಮೇಲಿಂದ ನೋಡಿದರು.

"ಅವನೂ ಬರ್ಲಿ ಅಂತ" ಎಂದರು ಭಾವ ಮೆಲ್ಲಗೆ. "ಒಂದು ಕೈ ಹಿಡೀಲಿ."

"ದಡದಲ್ಲಿ ನಿಂತಿರ್ಲಿ ಭಾವ. ಇಲ್ಲಿಗೆ ಬಂದ್ರೆ ಮತ್ತೆ ಈರುಳ್ಳಿ ಸುಲೀಬೇಕಾಗತ್ತೆ."

ಚಕ್ರವರ್ತಿ ದಡದಲ್ಲೇ ನಿಂತ. ಉಸಿರಿನ ನಿಯಮ ಮೊದಲಿಂದ ಕೊನೆಯವರೆಗೆ ಎರಡು ಗುರುತುಗಳ ನಡುವೆ ಬಂದು ಕೂತಿತು. ಅಂಚಮ್ಮ ಕಂಪ್ಯೂಟರಿಂದ ಒಮ್ಮೆ ಓದಿಸಿದರು. ಮೂವರೂ ಕಣ್ಣು ಮುಚ್ಚಿ ಕೇಳಿದರು. 'ಮುಕ್ತ ಮುಗಿಯಿತು' ಎಂದು ಯಂತ್ರದ ದನಿ ಹೇಳಿದಾಗ ಭಾವ ಸಣ್ಣಗೆ ನಿಟ್ಟುಸಿರು ಬಿಟ್ಟರು. ಅಂಚಮ್ಮ ಕಳಿಸುವ ಗುಂಡಿ ಒತ್ತಿ, ಫೋನೆತ್ತಿ, "ಈಗ ಎತ್ತಿ ಟೀಚರೇ" ಎಂದರು.

ಮಧ್ಯಾಹ್ನದ ಹೊತ್ತಿಗೆ ಟೀಚರಿಂದ ಸುದ್ದಿ ಬಂತು. ಇಡೀ ತರಗತಿ ಕೈ ಹಿಡಿದು ನಿಂತು ಇಬ್ಬರನ್ನೂ ದಡಕ್ಕೆ ತಂದಿದೆ. ಫೈಲು ಯಂತ್ರದವರ ಕೈ ಸೇರಿದೆ, ನಾಳೆ ಬೆಳಿಗ್ಗೆ ಒತ್ತಲು ಶುರು. ಇಬ್ಬರಲ್ಲಿ ಒಬ್ಬನಿಗೆ ಮಾತ್ರ ಅಷ್ಟು ಹೊತ್ತು ನೀರಲ್ಲಿದ್ದು ನೆಗಡಿಯಾಗಿದೆಯಂತೆ. ಅದಕ್ಕೆ ಏನು ನಿಯಮ ಎಂದು ಕೇಳುತ್ತಿದ್ದಾನಂತೆ.

"ನೆಗಡಿಗೆ ನಿಯಮ!" ಭಾವನ ಕಣ್ಣು ಹೊಳೆಯಿತು. ಆಗಲೇ ಕಾಗದ ಎಳೆದುಕೊಂಡಿದ್ದರು. "ಬರ್ಕೋ ಅಮ್ಮಾ. ಸೀನು ಬಂದಾಗ ಆಟಗಾರನು..."

ಅಂಚಮ್ಮ ಬೆರಳುಗಳನ್ನು ಕೀಲಿಗಳ ಮೇಲಿಟ್ಟರು, ಒತ್ತಲಿಲ್ಲ.

"ಮೊದಲು ಅದು ಹೇಳಿ ಭಾವ. ಮುಕ್ತವೋ, ನಿಮ್ಮದೋ?"